ಕರೆಯಲು ಹೋದ ವ್ಯಾನು

ನನ್ನ ತಮ್ಮ ಹಳೆಯ ಸ್ಕೂಲ್ ವ್ಯಾನೊಂದನ್ನು ಕೊಂಡು ಅದರೊಳಗೆ ಮನೆ ಕಟ್ಟಿದ್ದು ಹೆಂಡತಿಯನ್ನು ವಾಪಸು ಕರೆದುಕೊಂಡು ಬರುವುದಕ್ಕೆ. ಕೆ.ಆರ್. ನಗರದ ನಮ್ಮ ಬೀದಿಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಅಕ್ಕ ತಮ್ಮ ಇಬ್ಬರೂ ಕಾಶಿಗೆ ಹೊರಟಿದ್ದಾರೆಂದು ಕೆಲವರು, ಮುದುಕನಿಗೆ ಷೋಕಿ ಹತ್ತಿದೆಯೆಂದು ಉಳಿದವರು ಮಾತಾಡಿಕೊಂಡರು. ಎದುರು ಮನೆಯಾಕೆ ಮಾತ್ರ ಗೇಟಿನ ಹತ್ತಿರ ಬಂದು, "ಒಳಗೆ ಬಚ್ಚಲೂ ಐತಂತಲ್ಲ ಕಣಮ್ಮ? ನೀರು ಎಲ್ಲಿಗೆ ಓಯ್ತದೆ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆಯೇ. ತಮ್ಮ ಇನ್ನೂ ಅದಕ್ಕೆ ಉತ್ತರ ಕಂಡುಹಿಡಿದಿರಲಿಲ್ಲ.

ಅವನು ಶುರು ಮಾಡುವ ಮನುಷ್ಯ. ಕ್ಯಾಸೆಟ್ ಅಂಗಡಿ ಶುರು ಮಾಡಿದ, ಸೋಲಾರ್ ಹೀಟರಿನ ಏಜೆನ್ಸಿ ಶುರು ಮಾಡಿದ, ಕೊನೆಗೆ ಅಣಬೆ. ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್, ಅರ್ಧ ಹೊಲಿದ ಬಟ್ಟೆಯನ್ನು ಎತ್ತಿ ಹಿಡಿದು, "ಫಿನಿಶ್, ಗರ್ಲ್ಸ್, ಫಿನಿಶ್!" ಎಂದು ಕೂಗುತ್ತಿದ್ದರು. ಗಂಡುಮಕ್ಕಳಿಗೆ ಅಂಥ ಸಿಸ್ಟರ್ ಸಿಕ್ಕಿರಲಿಲ್ಲವೆಂದು ಕಾಣುತ್ತದೆ. ಅಣಬೆ ಶೆಡ್ಡಿಗೆ ಗೋಡೆ ಎದ್ದು ಸೂರು ಏಳದೆ ನಿಂತ ವರ್ಷ ಅವನ ಹೆಂಡತಿ ಬಟ್ಟೆಬರೆ ಕಟ್ಟಿಕೊಂಡು ಅಂತರಸಂತೆಯ ತವರಿಗೆ ಹೋದಳು. ಜಗಳವಿಲ್ಲ, ಕೋರ್ಟಿಲ್ಲ. ಹೋದಳು, ಅಷ್ಟೆ. ಅಣ್ಣಂದಿರ ಹೊಲದಲ್ಲಿ ಕೆಲವು ಕಾಲ ದುಡಿದು, ಆಮೇಲೆ ಬೀಚನಹಳ್ಳಿಯ ಹತ್ತಿರ ಒಂದು ರೆಸಾರ್ಟಿನಲ್ಲಿ ಅಡುಗೆಗೆ ಸೇರಿಕೊಂಡಳು.

ಹಬ್ಬ ಬಂತೆಂದರೆ ನನಗೆ ಫೋನ್ ಮಾಡುತ್ತಿದ್ದಳು. ನನ್ನ ಮಂಡಿನೋವು, ನಮ್ಮ ನಾಲೆಯ ನೀರು, ಹಸುವಿನ ಕರು ಎಲ್ಲವನ್ನೂ ವಿಚಾರಿಸಿ, ಇಡುವ ಹೊತ್ತಿಗೆ, "ಸರಿಯಾಗಿ ಉಣ್ತಾರಾ?" ಅನ್ನುವಳು. ಯಾರು ಎಂದು ನಾನು ಕೇಳುತ್ತಿರಲಿಲ್ಲ.

ನನ್ನ ಯಜಮಾನರು ತೀರಿಕೊಂಡ ಮೇಲೆ ತಮ್ಮ ನನ್ನ ಮನೆಗೇ ಬಂದ. ನನಗೀಗ ಎಪ್ಪತ್ತು ದಾಟಿ ಬಹಳ ದಿನವಾಯಿತು. ಹಾರ್ಟು ದಣಿದಿದೆ ಎಂದು ಡಾಕ್ಟರು ಪೊಲೈಟಾಗಿ ಹೇಳಿದ್ದಾರೆ. ನಾನು ಹೋದ ಮೇಲೆ ಇವನ ಜೊತೆ ಕೂತು ಒಂದು ಮಾತಾಡುವವರು ಯಾರು? ಬೆಳಗಿನ ಕಾಫಿ ಕುಡಿಯುವಾಗ ಅವನ ಬೆನ್ನು ನೋಡಿ ನಾನು ಯೋಚಿಸುತ್ತಿದ್ದದ್ದು ಇದೊಂದೇ. ಹಾಗಾಗಿ, ಕಳೆದ ಡಿಸೆಂಬರಿನಲ್ಲಿ ಯಾವ ಹಬ್ಬವೂ ಇಲ್ಲದೆ ನಾದಿನಿಯ, ಅಂದರೆ ಇವನ ಹೆಂಡತಿಯ, ಫೋನ್ ಬಂದಾಗ ಕೈಲಿದ್ದ ಕೆಲಸ ಬಿಟ್ಟು ಎತ್ತಿದೆ.

"ಅತ್ತಿಗೆಮ್ಮ, ಇಲ್ಲಿ ಓನರ್ರು ವಯನಾಡಲ್ಲಿ ಇನ್ನೊಂದು ರೆಸಾರ್ಟ್ ತಗುದವ್ರೆ. ಕಿಚನ್ ನೋಡ್ಕೋ ಬಾ ಅಂತಾವ್ರೆ. ಇರಾಕೆ ರೂಮೂ ಕೊಡ್ತಾರಂತೆ. ಶನಿವಾರ ಸಾಯಂಕಾಲ ಜೀಪು ಬತ್ತದೆ. ಅಷ್ಟ್ರೊಳಗೆ ನೀವು ಬಂದು ಕರುದ್ರೆ ಮನೆಗೇ ಬಂದ್ಬುಡ್ತೀನಿ. ಒಂದ್ಸಲ ಅಲ್ಲಿಗೋದ್ರೆ ಇನ್ನ ಬರಕಿಲ್ಲ."

ನಾನು ಫೋನ್ ಇಟ್ಟು ಕೊಟ್ಟಿಗೆಗೆ ಹೋದೆ. ತಮ್ಮ ವ್ಯಾನಿನ ಕೆಳಗೆ ಮಲಗಿ ಏನೋ ಬಿಗಿಯುತ್ತಿದ್ದ. ವಿಷಯ ಹೇಳಿದಾಗ ಸ್ಪ್ಯಾನರಿನ ಸದ್ದು ನಿಂತಿತು.

"ನಾಳೆಯೇ ಟ್ಯಾಕ್ಸಿ ಮಾಡೋಣ ಕಣೋ," ಎಂದೆ.

"ಬೇಡ ಅಕ್ಕ. ಶುಕ್ರವಾರಕ್ಕೆ ವ್ಯಾನ್ ಮುಗಿಯುತ್ತೆ. ಇದರಲ್ಲೇ ಹೋಗೋಣ. ನಾನು ಮುಗಿಸಿದ್ದು ಅಂತ ಒಂದಾದರೂ ಅವಳು ನೋಡಬೇಕು."

"ಅವಳು ಬಂದು ಕರೀರಿ ಅಂದಳು. ಪ್ರೂಫ್ ತನ್ನಿ ಅನ್ನಲಿಲ್ಲ."

"ನಿನಗೆ ಅವಳು ಗೊತ್ತಿಲ್ಲ," ಎಂದು ವ್ಯಾನಿನ ಕೆಳಗಿನಿಂದಲೇ ಹೇಳಿದ.

ವ್ಯಾನು ನಿಜಕ್ಕೂ ಮುಗಿಯಿತು. ಸುಳ್ಳು ಹೇಳಬಾರದು, ಚೆಂದವಾಗಿತ್ತು. ಹಳದಿಯ ಮೇಲೆ ನೀಲಿ ಬಣ್ಣ. ಒಳಗೆ ಎದುರುಬದುರು ಎರಡು ಹಲಗೆ ಮಂಚ, ನಡುವೆ ಮಡಿಸುವ ಟೇಬಲ್ಲು, ಗ್ಯಾಸ್ ಒಲೆ, ಕುಲುಕಿದರೂ ಬೀಳದ ಹಾಗೆ ಪಟ್ಟಿ ಹೊಡೆದ ಗೂಡಿನಲ್ಲಿ ಸಾಸಿವೆ, ಜೀರಿಗೆಯ ಡಬ್ಬಗಳು. ಕಿಟಕಿಯ ಸುತ್ತ ಪುಟ್ಟ ಪುಟ್ಟ ದೀಪ, ಅದಕ್ಕೆ ಬೇರೆ ಬ್ಯಾಟರಿ. ಒಳಗೆ ಜಾಗ ಸಾಲದೆ ನೀರಿನ ಟ್ಯಾಂಕನ್ನು ಮಾತ್ರ ವ್ಯಾನಿನ ಹೊಟ್ಟೆಯ ಕೆಳಗೆ ನೇತುಹಾಕಿದ್ದ.

ಶುಕ್ರವಾರ ಸಂಜೆ ಕಾಫಿ ಕುಡಿಯುತ್ತಾ, "ಮಡ್ಲಕ್ಕಿ ಯಾರು ಹಾಕೋದು?" ಎಂದ.

ನಮ್ಮ ಕಡೆ ಹೆಣ್ಣನ್ನು ಮನೆಗೆ ಕರೆಯುವಾಗ ಅವಳು ಸೆರಗೊಡ್ಡಬೇಕು, ಕರೆಯಲು ಬಂದವರು ಅದಕ್ಕೆ ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆಅಡಿಕೆ ಹಾಕಬೇಕು. ಸೆರಗೊಡ್ಡಿದಳೆಂದರೆ ಬರುತ್ತಾಳೆ ಎಂದರ್ಥ.

"ನಾನೇ ಹಾಕ್ತೀನಿ. ಅವಳು ನನ್ನನ್ನೇ ತಾನೆ ಬಾ ಅಂದದ್ದು?"

ಅವನು ಲೋಟದೊಳಗೆ ನೋಡುತ್ತಾ ಕೂತ. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಗಂಡನಿಲ್ಲದವಳು ಮಡ್ಲಕ್ಕಿ ಹಾಕುವಂತಿಲ್ಲ. ಅದಕ್ಕೆ ಮುತ್ತೈದೆಯೇ ಆಗಬೇಕು. ಆದರೆ ಈ ಮಾತು ಇವನ ಬಾಯಲ್ಲಿ! ರಿಜಿಸ್ಟರ್ ಆಫೀಸಿನಲ್ಲಿ ಸಹಿ ಹಾಕಿ ಮದುವೆಯಾದವನು, ತಾಳಿಯೂ ಬೇಡ ಎಂದು ಅವಳ ಮನೆಯವರನ್ನು ಎದುರು ಹಾಕಿಕೊಂಡವನು. ಅಂದು ನಾನೇ ಸಾಕ್ಷಿಗೆ ಸಹಿ ಹಾಕಿ, ತುಂಬಾ ಪ್ರೌಡ್ ಆಗಿ ಮನೆಗೆ ಬಂದಿದ್ದೆ.

"ಆಗ ಒಂದು ಶಾಸ್ತ್ರವನ್ನೂ ಮಾಡಲಿಲ್ಲ ಅಕ್ಕ. ಅದಕ್ಕೇ ಹೀಗಾಯ್ತೇನೋ. ಈ ಸಲ ಯಾವುದೂ ಕಮ್ಮಿ ಆಗಬಾರದು."

ನನ್ನ ತಮ್ಮ ಎಂದೂ ಯಾವುದಕ್ಕೂ ಹೆದರಿದವನಲ್ಲ. ಅವನ ತೊಂದರೆಯೇ ಅದು. ಈಗ ಅರವತ್ತೈದು ದಾಟಿದವನು ಮಡ್ಲಕ್ಕಿಗೆ ಹೆದರಿ ನನ್ನ ಮುಂದೆ ಕೂತಿದ್ದ. ನನಗೆ ಅವಮಾನವಾಗಲಿಲ್ಲ ಎಂದರೆ ತಪ್ಪಾಗುತ್ತದೆ. ಆದರೂ ಅವಮಾನಕ್ಕಿಂತ ಹೆಚ್ಚಾಗಿ ಸಂಕಟವಾಯಿತು, ನನಗಾಗಿಯಲ್ಲ, ಅವನಿಗಾಗಿ. "ಆಯಿತು," ಎಂದೆ.

ಹತ್ತಿರದ ಬಳಗದಲ್ಲಿ ಮುತ್ತೈದೆಯೆಂದು ಉಳಿದಿದ್ದವಳು ನಮ್ಮ ಚಿಕ್ಕಪ್ಪನ ಮಗಳು, ನನಗೆ ತಂಗಿಯಾಗಬೇಕು. ಅವಳಿರುವುದು ಬೆಟ್ಟದಪುರದ ಪಕ್ಕದ ಹಳ್ಳಿಯಲ್ಲಿ. ಅಂದರೆ, ಹುಣಸೂರಿಗೆ ಹೋಗಿ, ಅಲ್ಲಿಂದ ನೆಟ್ಟಗೆ ಎಚ್.ಡಿ. ಕೋಟೆಯ ರಸ್ತೆ ಹಿಡಿಯುವ ಬದಲು, ಪಿರಿಯಾಪಟ್ಟಣದ ಕಡೆಗೆ ಸುತ್ತಿ ಅವಳನ್ನು ಹತ್ತಿಸಿಕೊಂಡು, ಮತ್ತೆ ಹುಣಸೂರಿಗೆ ಬಂದು, ಆಮೇಲೆ ಬೀಚನಹಳ್ಳಿ.

ಶನಿವಾರ ಬೆಳಿಗ್ಗೆ ಮಂಜು ಎಷ್ಟಿತ್ತೆಂದರೆ ಗೇಟಿನಿಂದ ಬೀದಿ ಕಾಣಿಸುತ್ತಿರಲಿಲ್ಲ. ನಾನು ಶಾಲು, ಸ್ವೆಟರು, ಕಾಲುಚೀಲ ಎಲ್ಲ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತೆ. ತಮ್ಮ ಕೀಲಿ ತಿರುಗಿಸಿದ. ವ್ಯಾನು ಕೆಮ್ಮಿತು, ಅಷ್ಟೆ. ಚೆಂದ ನೋಡುವುದಕ್ಕೆಂದು ಹಿಂದಿನ ದಿನ ಉರಿಸಿಟ್ಟಿದ್ದ ಪುಟ್ಟ ದೀಪಗಳು, ಎಲ್ಲೋ ವೈರು ಕೂಡಿಹೋಗಿ, ಎರಡೂ ಬ್ಯಾಟರಿಯನ್ನು ಹೀರಿಬಿಟ್ಟಿದ್ದವು. ಬೀದಿಯವರು ಬಂದು ತಳ್ಳಿದರು.

"ಕಾಶಿಗಂಟ ಇಂಗೇ ತಳ್ಬೇಕಾ ಸಾರ್?" ಎಂದು ಒಬ್ಬ. "ಮೈಸೂರ್ ರೋಡಿಗೆ ಬುಟ್ರೆ ಇಳಿಜಾರು ಕಣ್ಲಾ, ತಾನೇ ಓಯ್ತದೆ," ಎಂದು ಇನ್ನೊಬ್ಬ. ಎಲ್ಲರೂ ನಕ್ಕರು. ತಮ್ಮನೂ ನಕ್ಕ. ಇಂಜಿನ್ನು ಹಿಡಿದುಕೊಂಡಿತು.

ಹುಣಸೂರಿನಲ್ಲಿ ಟೀ ಕುಡಿದೆವು. ಇಂಜಿನ್ ಆಫ್ ಮಾಡುವ ಧೈರ್ಯ ಬರಲಿಲ್ಲ. ಎಚ್.ಡಿ. ಕೋಟೆ ಎಂದು ಬರೆದ ಬೋರ್ಡು ಮಂಜಿನಲ್ಲಿ ಒದ್ದೆಯಾಗಿ ನಿಂತಿತ್ತು. ಅದರ ಎದುರಿಗೆ ಲೋಟ ಹಿಡಿದು ನಿಂತು, "ಈಗಲೂ ಹೀಗೇ ಹೋಗಿಬಿಡಬಹುದು," ಎಂದೆ. ತಮ್ಮ ಟೀ ಮುಗಿಸಿ ವ್ಯಾನು ಹತ್ತಿದ. ನಾವು ಪಿರಿಯಾಪಟ್ಟಣದ ದಿಕ್ಕಿಗೆ ತಿರುಗಿದೆವು.

ತಂಗಿ ರೆಡಿಯಾಗಿದ್ದಳು. ಆದರೆ ಮನೆಗೆ ಬಂದವರು ಉಣ್ಣದೆ ಹೋಗಬಾರದು ಎಂಬ ಅವಳ ಹಟವೂ ರೆಡಿಯಾಗಿತ್ತು. ಅವರೆಕಾಳಿನ ಉಪ್ಪಿಟ್ಟು ಬೇಯುತ್ತಿತ್ತು. ಅಷ್ಟರಲ್ಲಿ ಅವಳು ವ್ಯಾನಿನೊಳಗೆಲ್ಲ ಓಡಾಡಿ, ಮಂಚದ ಮೇಲೆ ಕೂತು ಕುಲುಕಿ ನೋಡಿ, "ಏನ್ಲಾ ಇದು, ಒಳಗೇ ಒಲೆ, ಒಳಗೇ ಹಾಸ್ಗೆ! ನಿನ್ನ ಎಂಡ್ತಿ ಬರ್ನಿಲ್ಲ ಅಂದ್ರೆ ನಾನೇ ಬಂದ್ಬುಡ್ತೀನಿ ಬುಡು. ಈ ಬ್ಯಾರನ್ ಗೂಡಲ್ಲಿ ಹೊಗೆಸೊಪ್ಪು ಬೇಯ್ಸಿ ಬೇಯ್ಸಿ ಸಾಕಾಗದೆ," ಎಂದಳು. ಅವಳ ಗಂಡ ಜಗಲಿಯಿಂದಲೇ, "ಕರ್ಕಂಡೋಗಪ್ಪ, ಪುಣ್ಯ ಬತ್ತದೆ," ಎಂದ.

ಆಗ ನಾದಿನಿಯ ಫೋನ್ ಬಂತು.

"ಎಲ್ಲಿದ್ದೀರಿ ಅತ್ತಿಗೆಮ್ಮ?"

"ಬೆಟ್ಟದಪುರದ ಹತ್ತಿರ."

"ಅಲ್ಲಿಗ್ಯಾಕೋದ್ರಿ?"

ನಾನು ಹೇಗೆ ಹೇಳುವುದೆಂದು ಯೋಚಿಸುವಷ್ಟರಲ್ಲಿ ಲೈನ್ ಕಟ್ಟಾಯಿತು. ಮತ್ತೆ ಮಾಡಿದರೆ ನಾಟ್ ರೀಚಬಲ್. ಆ ದಿನವೆಲ್ಲ ನಾಟ್ ರೀಚಬಲ್.

ಪಿರಿಯಾಪಟ್ಟಣದ ರಸ್ತೆ ಚೆನ್ನಾಗಿದೆ ಎಂದು ತಮ್ಮ ಆ ಕಡೆಯಿಂದ ಹೊರಟ. ಮಂಜು ಕರಗಿ ಬಿಸಿಲು ಬಂದಿತ್ತು. ಸ್ವಲ್ಪ ದೂರ ಹೋಗುವುದರಲ್ಲಿ ರಸ್ತೆಯ ಅಗಲಕ್ಕೂ ಹುರುಳಿ ಹಾಸಿದ್ದರು. ಈ ಕಾಲದಲ್ಲಿ ನಮ್ಮ ಸೀಮೆಯಲ್ಲಿ ಕಣ ಮಾಡುವವರು ಯಾರು? ಟಾರ್ ರೋಡೇ ಕಣ. ಕಿತ್ತ ಗಿಡವನ್ನು ಹಾಸಿಬಿಟ್ಟರೆ ಬಸ್ಸು ಲಾರಿಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ. ಪಕ್ಕದಲ್ಲಿ ನಿಂತಿದ್ದ ಹೆಂಗಸರು ಹೋಗಿ ಹೋಗಿ ಎಂದು ಕೈಯಾಡಿಸಿದರು. "ಓಡ್ಸು ಓಡ್ಸು, ಒಕ್ಕಣೆ ಮಾಡ್ಕೊಟ್ರೆ ಪುಣ್ಯ," ಎಂದಳು ತಂಗಿ. ತಮ್ಮ ಓಡಿಸಿದ. ದಾಟಿದ ಮೇಲೆ ಅಲ್ಲಿದ್ದ ಗಂಡಸು ಓಡಿಬಂದು ಕಿಟಕಿ ತಟ್ಟಿ, "ನಿಮ್ ಗಾಡಿ ತೂಕ ಚೆನ್ನಾಗದೆ ಸಾರ್. ಇನ್ನೊಂದೆರಡು ಸುತ್ತು ಬನ್ನಿ," ಎಂದು ಬೇಡಿಕೊಂಡ.

ಬೇರೆ ಯಾರಾದರೂ ಆಗಿದ್ದರೆ ಆತುರವಿದೆ ಎನ್ನುತ್ತಿದ್ದರು. ನನ್ನ ತಮ್ಮನ ವ್ಯಾನನ್ನು ಆ ದಿನ ಹೊಗಳಿದ ಮೊದಲ ಮನುಷ್ಯ ಅವನು. ತಮ್ಮ ಹಿಂದಕ್ಕೆ ಬಂದ, ಮುಂದಕ್ಕೆ ಹೋದ, ಮತ್ತೆ ಹಿಂದಕ್ಕೆ. "ಸಾಕು ಕಣೋ, ಸಾಕು!" ಎಂದು ನಾನು ಕೂಗಿದೆ. ಸಾಕು ಮಾಡಿ ಹೊರಟು ಒಂದು ತಿರುವು ದಾಟಿರಲಿಲ್ಲ, ಸುಟ್ಟ ವಾಸನೆ. ಕಾಲ ಕೆಳಗಿನಿಂದ ಹೊಗೆ.

ಇಳಿದು ನೋಡಿದರೆ, ಹುರುಳಿ ಬಳ್ಳಿಯೆಲ್ಲ ಎಳೆದುಕೊಂಡು ಬಂದು ವ್ಯಾನಿನ ಅಡಿಯಲ್ಲಿ ತಿರುಗುವ ರಾಡಿಗೂ ನೇತುಹಾಕಿದ ಟ್ಯಾಂಕಿಗೂ ನಡುವೆ ಹಗ್ಗ ಹೊಸೆದ ಹಾಗೆ ಸುತ್ತಿಕೊಂಡು, ಉಜ್ಜಿ ಉಜ್ಜಿ ಕಾದು ಹೊತ್ತಿಕೊಂಡಿತ್ತು. ಹುರುಳಿಯವರೇ ಬಿಂದಿಗೆ, ಕುಡುಗೋಲು ಹಿಡಿದು ಓಡಿಬಂದರು. ಬೆಂಕಿ ಆರಿತು. ಆಮೇಲೆ ಸರದಿಯ ಮೇಲೆ ಒಬ್ಬೊಬ್ಬರು ಕೆಳಗೆ ನುಸುಳಿ ಬಳ್ಳಿ ಕೊಯ್ದು ಕೊಯ್ದು ಹೊರಗೆ ಎಸೆದರು.

"ಇದ್ಯಾಕೆ ಸ್ವಾಮಿ ಟ್ಯಾಂಕ್ನ ಹಸೀನ ಕೆಚ್ಚಲಂಗೆ ಕೆಳಗೆ ನೇತಾಕಿದ್ದೀರಿ?" ಎಂದು ಒಳಗಿನಿಂದ ಒಂದು ದನಿ.

"ಕರಿಯಾಕೆ ಕಣ್ಲಾ," ಎಂದು ಹೊರಗಿನಿಂದ ಇನ್ನೊಂದು ದನಿ. ತಮ್ಮ ಈಗ ನಗಲಿಲ್ಲ. ಅವನ ಹೊಸ ಪ್ಯಾಂಟಿನ ಮಂಡಿಯೆಲ್ಲ ಮಸಿಯಾಗಿತ್ತು. ಬಿಸಿಲು ನೆತ್ತಿಗೇರಿತು.

ಪಿರಿಯಾಪಟ್ಟಣದ ಮೆಕ್ಯಾನಿಕ್ಕು ಊಟಕ್ಕೆ ಹೋಗಿದ್ದ. ಬಂದು ನೋಡಿ, "ಆಯಿಲ್ ಸೀಲ್ ಹರ್ದೋಗದೆ. ಗೇರ್‌ಬಾಕ್ಸಲ್ಲಿ ಆಯಿಲ್ಲೇ ನಿಲ್ಲಾಕಿಲ್ಲ. ಇಲ್ಲೇ ಬುಟ್ಟೋಗಿ, ಸೋಮವಾರ ಕೊಡ್ತೀನಿ," ಎಂದ.

ನಾನು ತಮ್ಮನ ಹತ್ತಿರ ಹೋದೆ. "ಇಲ್ಲಿಂದ ಕಾರು ಮಾಡೋಣ. ವ್ಯಾನು ಇಲ್ಲೇ ಇರಲಿ. ಇನ್ನೂ ಟೈಮ್ ಇದೆ. ಪ್ಲೀಸ್."

"ಹೂಂ ಕಣ್ಲಾ, ಅಕ್ಕ ಏಳದು ಸರಿ," ಎಂದಳು ತಂಗಿ.

ಅವನು ಡ್ರೈವರ್ ಸೀಟಿನಲ್ಲಿ ಕೂತು ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದುಕೊಂಡ. ಮುಳುಗುವ ದೋಣಿಯ ಅಂಚನ್ನು ಹಿಡಿದವನಂತೆ ಕಂಡ. ಕೊನೆಗೆ, "ಬರಿಗೈಲಿ ಹೋಗಿ ಅವಳ ಮುಂದೆ ನಿಲ್ಲಲಾ ಅಕ್ಕ?" ಎಂದ. ನನಗೆ ಅವನನ್ನು ಹೊಡೆಯಬೇಕೆನಿಸಿತು, ತಬ್ಬಿಕೊಳ್ಳಬೇಕೂ ಎನಿಸಿತು. ಎರಡನ್ನೂ ಮಾಡದೆ ಹತ್ತಿ ಕೂತೆ. ಮೆಕ್ಯಾನಿಕ್ಕು ಆಯಿಲ್ ತುಂಬಿಸಿ, ಇನ್ನೊಂದು ಕ್ಯಾನನ್ನು ಕೈಗೆ ಕೊಟ್ಟು, "ಮೆಲ್ಲಗೆ ಓಗಿ," ಎಂದ.

ಮೆಲ್ಲಗೆ ಹೋಗದೆ ಬೇರೆ ದಾರಿಯೇ ಇರಲಿಲ್ಲ. ಹುಣಸೂರು ದಾಟಿ ಕೋಟೆಯ ರಸ್ತೆಗೆ ಬಿದ್ದ ಮೇಲೆ ಸೆಕೆಂಡ್ ಗೇರ್ ಬಿಟ್ಟು ಬೇರೆ ಗೇರು ಬೀಳುವುದನ್ನೇ ನಿಲ್ಲಿಸಿತು. ಸೈಕಲ್ಲೊಂದನ್ನು ಬಿಟ್ಟು ಎಲ್ಲವೂ ನಮ್ಮನ್ನು ದಾಟಿ ಹೋದವು. ಬಾಳೆಗೊನೆ ತುಂಬಿದ ಟ್ರಾಕ್ಟರು, ಬಸ್ಸು, ರಾಗಿ ಹುಲ್ಲಿನ ಲಾರಿ. ತಂಗಿ ಹಿಂದಿನ ಮಂಚದ ಮೇಲೆ ಮಲಗಿ ನಿದ್ದೆ ಹೋದಳು. ಗೇರ್‌ಬಾಕ್ಸು ಕಲ್ಲು ಅಗಿಯುವ ಸದ್ದು ಮಾಡುತ್ತಿತ್ತು. ನಡುನಡುವೆ ನಿಲ್ಲಿಸಿ ಆಯಿಲ್ ಹಾಕುವುದು, ಮತ್ತೆ ಹೊರಡುವುದು. ಸೂರ್ಯ ತಮ್ಮನ ಕಡೆಯ ಕಿಟಕಿಗೆ ಇಳಿದ. ಕಾನ್ವೆಂಟಿನ ಚಾಪೆಲಿನಲ್ಲಿ ಕಲಿತ ಪ್ರೇಯರೂ, ನಮ್ಮ ಮನೆದೇವರ ಹೆಸರೂ ನನ್ನ ಬಾಯಲ್ಲಿ ಒಂದರೊಳಗೊಂದು ಬೆರೆತು ಬಂದವು. ಯಾರಿಗೆ ತಲುಪಿತೋ, ಅಥವಾ ಇಬ್ಬರೂ ನಾನಲ್ಲ ನೀನು ಎಂದುಕೊಂಡು ಸುಮ್ಮನಾದರೋ.

ಹ್ಯಾಂಡ್‌ಪೋಸ್ಟ್ ಸರ್ಕಲ್ ದಾಟಿದೆವು. ಬೀಚನಹಳ್ಳಿ ಇನ್ನೇನು ಬಂತು, ಅಣೆಕಟ್ಟಿನ ಗೋಡೆ ಕಾಣುತ್ತಿದೆ ಎನ್ನುವಾಗ ವ್ಯಾನು ದೊಡ್ಡದೊಂದು ಸದ್ದು ಮಾಡಿ ನಿಂತುಬಿಟ್ಟಿತು. ಗೇರು ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ತಮ್ಮ ಒಂದು ಸ್ಪ್ಯಾನರ್ ಹಿಡಿದು ಗೇರಿನ ಬುಡಕ್ಕೆ ಹೊಡೆದು ಹೊಡೆದು ಅದನ್ನು ನ್ಯೂಟ್ರಲ್ಲಿಗೆ ತಂದ. ಡ್ಯೂಟಿ ಮುಗಿಸಿ ಬರುತ್ತಿದ್ದ ನೀರಾವರಿ ಇಲಾಖೆಯ ನಾಲ್ಕಾರು ಜನ, "ಎಲ್ಲಿಗ್ರಣ್ಣ?" ಎಂದು ಕೇಳಿ ಹೆಗಲು ಕೊಟ್ಟರು.

ಹೀಗೆ ನಾವು ಬೀಚನಹಳ್ಳಿಗೆ ತಲುಪಿದೆವು. ಬಸ್ ಸ್ಟಾಪಿನ ಹತ್ತಿರ ಜೀಪು ನಿಂತಿತ್ತು. ಅದರ ಪಕ್ಕದಲ್ಲಿ ಬ್ಯಾಗನ್ನು ಕಾಲ ಬಳಿ ಇಟ್ಟುಕೊಂಡು ನನ್ನ ನಾದಿನಿ. ನಮಗಾಗಿ ಜೀಪನ್ನು ಕಾಯಿಸಿದ್ದಳು. ಕೂದಲು ಬೆಳ್ಳಗಾಗಿತ್ತು. ಉಳಿದಂತೆ ಅವಳೇ.

"ನೀನು ಇಲ್ಲೇ ಇರು ಅಕ್ಕ, ಶಾಸ್ತ್ರ ಮುಗೀಲಿ," ಎಂದು ನನಗೆ ಹೇಳಿ ತಂಗಿ ತಟ್ಟೆ ಹಿಡಿದು ಇಳಿದಳು. ತಮ್ಮ ಹಿಂದಿನ ಬಾಗಿಲು ತೆರೆದ. ಪುಟ್ಟ ದೀಪಗಳನ್ನು ಹಾಕಿದ. ನಾನು ಮುಂದಿನ ಸೀಟಿನಲ್ಲಿ ಬೆನ್ನು ಮಾಡಿ ಕೂತು ಕೇಳಿಸಿಕೊಳ್ಳುತ್ತಿದ್ದೆ.

"ನೀವೇ ಮಾಡಿದ್ರಾ ಎಲ್ಲಾನೂ?"

"ನಾನೇ."

"ಚೆನ್ನಾಗದೆ." ಡಬ್ಬವೊಂದನ್ನು ತೆಗೆದು ಮತ್ತೆ ಗೂಡಿಗಿಟ್ಟ ಸದ್ದು. "ಮನೆಗಂಟ ಓಯ್ತದಾ ಇದು?"

ಇನ್ನೊಂದೇ ವಾರ, ಇನ್ನೊಂದೇ ತಿಂಗಳು ಎಂದು ಜೀವಮಾನವಿಡೀ ಉತ್ತರ ಕೊಟ್ಟವನು ಈಗ ಏನೂ ಹೇಳಲಿಲ್ಲ. ಹೇಳು, ಏನಾದರೂ ಹೇಳು ಎಂದು ನಾನು ಒಳಗೇ ಕೂಗುತ್ತಿದ್ದೆ.

"ಸೆರಗೊಡ್ಡವ್ವ," ಎಂದಳು ತಂಗಿ.

"ಅತ್ತಿಗೆಮ್ಮ ಎಲ್ಲವ್ರೆ?"

ಅವಳೇ ನನ್ನ ಕಿಟಕಿಗೆ ಬಂದಳು. ಇಷ್ಟು ವರ್ಷ ದನಿಯಾಗಿ ಮಾತ್ರ ಇದ್ದ ಮುಖ.

"ನೀವ್ಯಾಕೆ ಇಲ್ಲಿ ಕೂತ್ಕಂಡ್ರಿ? ನಾನು ಬಂದು ಕರೀರಿ ಅಂದಿದ್ದು ನಿಮ್ಮುನ್ನ."

ನಾನು ಬಾಯಿ ತೆರೆಯುವ ಮೊದಲು ನನ್ನ ಬರಿಯ ಹಣೆಯನ್ನೂ, ತಂಗಿಯ ಕೈಯ ತಟ್ಟೆಯನ್ನೂ ನೋಡಿದಳು. "ಇದಕ್ಕಾ ಬೆಟ್ಟದಪುರಕ್ಕೋಗಿದ್ದು?" ಎಂದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು.

ನಾನು ಬಾಗಿಲು ತೆಗೆದು ಇಳಿದೆ. ಕಾಲು ಮರಗಟ್ಟಿತ್ತು, ಅವಳೇ ಹಿಡಿದುಕೊಂಡಳು. "ಈಗ ಕರೀತಿದ್ದೀನಿ. ಶಾಸ್ತ್ರ ಏನೂ ಬೇಡ. ಬಾ. ಮನೆಗೆ ಬಾ."

"ಮಧ್ಯಾನದಗಂಟ ಬಾಗ್ಲಲ್ಲೇ ನಿಂತಿದ್ದೆ ಅತ್ತಿಗೆಮ್ಮ. ಬರೋಳೇ ಇದ್ದೆ, ನಿಮ್ಮಾಣೆ." ಅವಳು ನನ್ನ ಶಾಲನ್ನು ಸರಿಮಾಡುತ್ತಾ ಹೇಳಿದಳು. "ಈಗ ನೀವು ಬರೋದು ನೋಡ್ದೆ. ಇವ್ರು ಒಳಗೆ ಸ್ಟೇರಿಂಗ್ ಇಡ್ಕಂಡು ಕೂತವ್ರೆ. ಇಂದ್ಗಡೆಯಿಂದ ಯಾರ್ಯಾರೋ ತಳ್ತಾವ್ರೆ. ಜೊತೇಲಿದ್ದಾಗ ನಾನು ಮಾಡ್ತಿದ್ದಿದ್ದೂ ಅದೇ ಅಲ್ವಾ? ಇನ್ನ ನನ್ನ ಕೈಲಾಗಕಿಲ್ಲ."

ಹಿಂದಿನ ಬಾಗಿಲ ಬಳಿ ನಿಂತಿದ್ದ ತಮ್ಮನಿಗೆ ಇದು ಕೇಳಿಸಿತೆ? ಕೇಳಿಸಿತು.

"ಚೇಚೀ, ಪೋಕಾಂ?" ಎಂದು ಜೀಪಿನ ಡ್ರೈವರು ಹೋಗೋಣವೇ ಎನ್ನುತ್ತಾ ಮೆಲ್ಲಗೆ ಹಾರ್ನ್ ಒತ್ತಿದ.

ಅವಳು ನನ್ನ ಕಾಲು ಮುಟ್ಟಿದಳು. ತಂಗಿಯ ತಟ್ಟೆಯಿಂದ ಕುಂಕುಮ ತೆಗೆದು ಹಣೆಗಿಟ್ಟುಕೊಂಡಳು. ಅಕ್ಕಿಯನ್ನು ಮುಟ್ಟಲಿಲ್ಲ. ತಮ್ಮನ ಎದುರಿಗೆ ನಿಂತು ಏನೋ ಹೇಳಲು 'ರೀ' ಎಂದವಳು ಹೇಳದೆ, ಬ್ಯಾಗು ಎತ್ತಿಕೊಂಡು ಜೀಪು ಹತ್ತಿದಳು. ಜೀಪು ಅಂತರಸಂತೆಯ ಮೇಲೆ ವಯನಾಡಿಗೆ ಹೋಗುವ ಕಾಡಿನ ದಾರಿ ಹಿಡಿಯಿತು. ತಂಗಿ ಮಾತ್ರ ರಸ್ತೆಯ ನಡುವೆ ನಿಂತು, "ಎಂಥಾ ಕಲ್ಲು ಮನ್ಸು ಕಣಕ್ಕ," ಎಂದು ಅತ್ತಳು. ಕಲ್ಲೇನೂ ಅಲ್ಲ ಎಂದು ನನಗೆ ಗೊತ್ತಿತ್ತು. ಆ ಶಾಲು ಸರಿಮಾಡಿದ ಬೆರಳು ನನಗೆ ಗೊತ್ತಿತ್ತು.

ಆ ರಾತ್ರಿ ವ್ಯಾನಿನಲ್ಲೇ ಕಳೆದೆವು. ಬೆಳಿಗ್ಗೆ ತಂಗಿ ಬಸ್ಸು ಹತ್ತಿದಳು. ನಮಗೆ ಟ್ರಾಕ್ಟರಿನವನೊಬ್ಬ ಸಿಕ್ಕಿ, ಹಗ್ಗ ಕಟ್ಟಿ ಕೋಟೆಯವರೆಗೆ ಎಳೆದುಕೊಂಡು ಹೋಗಲು ಒಪ್ಪಿದ. ತಮ್ಮ ಸ್ಟೇರಿಂಗಿಗೆ ಕೂತ, ನಾನು ಪಕ್ಕದಲ್ಲಿ. ಮತ್ತೆ ಅದೇ ಮಂಜು. ಮುಂದಿನ ಟ್ರಾಕ್ಟರು ಕಾಣುತ್ತಿರಲಿಲ್ಲ, ಬಿಗಿಯಾಗಿ ನಿಂತ ಹಗ್ಗ ಮಾತ್ರ ಕಾಣುತ್ತಿತ್ತು. ನಾನು ಕಿಟಕಿಯಾಚೆ ನೋಡುತ್ತಾ, ಇವನು ಅತ್ತುಬಿಟ್ಟರೆ ಏನು ಹೇಳಬೇಕು ಎಂದು ಮಾತು ಹುಡುಕುತ್ತಿದ್ದೆ.

"ಗೇರ್‌ಬಾಕ್ಸ್ ಇಳಿಸಿ ನೋಡಬೇಕು," ಎಂದ. "ಟ್ಯಾಂಕು ಮೇಲಕ್ಕೆ ಹಾಕಬಹುದು, ಟಾಪಿನ ಮೇಲೆ. ಯುಗಾದಿ ಹೊತ್ತಿಗೆ ರೆಡಿಯಾದರೆ, ವಯನಾಡೇನು ದೂರ ಅಲ್ಲ ಅಕ್ಕ."

ಅತ್ತಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

"ಬೇಡ ಕಣೋ," ಎಂದೆ. "ಅವಳು ಬರಲ್ಲ."

"ಗೊತ್ತು."

ಹಗ್ಗ ಸಡಿಲವಾಯಿತು. ಅವನು ಬ್ರೇಕ್ ಒತ್ತಿ ಹಿಡಿದ. ಅದು ಮತ್ತೆ ಬಿಗಿಯಾಗಿ ವ್ಯಾನು ಒಮ್ಮೆ ಜಗ್ಗಿ ಚಲಿಸಿತು.

"ಆದರೂ ಗೇರ್‌ಬಾಕ್ಸ್ ಇಳಿಸಲೇಬೇಕಲ್ಲ," ಎಂದ.